ಡಿಜಿಟಲ್ ರೇಂಜ್‌ಫೈಂಡರ್: ಅಂಚಿನ ಬಣ್ಣ, ನೇರಳೆಯಾಗುವ ಕಪ್ಪು, ಜಾರುವ ಫೋಕಸ್

ಪ್ರಶ್ನೆ: ಫಿಲ್ಮ್ ಕಾಲದ ನನ್ನ 21 ಮಿ.ಮೀ. ಲೆನ್ಸನ್ನು ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ (ಲೆನ್ಸಿನ ಮೂಲಕ ನೋಡದೆ, ಬೇರೆ ಕಿಂಡಿಯಲ್ಲಿ ಎರಡು ಬಿಂಬಗಳನ್ನು ಕೂಡಿಸಿ ಫೋಕಸ್ ಮಾಡುವ ಕ್ಯಾಮೆರಾ) ಹಾಕಿ ಚಿತ್ರ ತೆಗೆದರೆ ಒಂದು ಅಂಚು ಕೆಂಪಾಗಿ, ಎದುರಿನ ಅಂಚು ಹಸಿರು-ನೀಲಿಯಾಗಿ ಬರುತ್ತಿದೆ. ಫಿಲ್ಮಿನಲ್ಲಿ ಹೀಗಾಗುತ್ತಿರಲಿಲ್ಲ. ಲೆನ್ಸ್ ಕೆಟ್ಟಿದೆಯೇ?

ಉತ್ತರ: ಲೆನ್ಸ್ ಕೆಟ್ಟಿಲ್ಲ, ಅದನ್ನು ಮಾರುವ ಯೋಚನೆಯಿದ್ದರೆ ದಯವಿಟ್ಟು ಕೈಬಿಡಿ. ಕನ್ನಡಿಯ ಸಹಾಯದಿಂದ ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಆ ಕನ್ನಡಿ ಮೇಲೇಳಲು ಜಾಗ ಬೇಕು. ಹಾಗಾಗಿ ನಿಕಾನ್ ಎಫ್ ಮೌಂಟಿಗೂ (ಲೆನ್ಸ್ ಕೂರುವ ಬಳೆ) ಅದರ ಸೆನ್ಸರಿಗೂ ನಡುವೆ 46.5 ಮಿ.ಮೀ. ಅಂತರವಿದೆ. ಕನ್ನಡಿಯೇ ಇಲ್ಲದ ಲೈಕಾ ಎಂ ಮೌಂಟಿನಲ್ಲಿ ಅದು 27.8 ಮಿ.ಮೀ. ಮಾತ್ರ, ಮೇಲಾಗಿ ನಿಮ್ಮದರಂಥ ಹಳೆಯ ವೈಡ್ ಆಂಗಲ್ ಲೆನ್ಸುಗಳ ಹಿಂಬದಿಯ ಗಾಜು ಕ್ಯಾಮೆರಾದ ಒಳಕ್ಕೇ ಚಾಚಿಕೊಂಡಿರುತ್ತದೆ. ಇದರಿಂದ ಚಿತ್ರದ ಅಂಚುಗಳಿಗೆ ಬೆಳಕು ಬಹಳ ಓರೆಯಾಗಿ ಬೀಳುತ್ತದೆ. ಫಿಲ್ಮಿಗೆ ಈ ಓರೆ ಅಷ್ಟಾಗಿ ಬಾಧಿಸುವುದಿಲ್ಲ. ಸೆನ್ಸರಿನಲ್ಲಾದರೋ ಪ್ರತಿ ಪಿಕ್ಸೆಲ್ಲಿನ ಮೇಲೂ ಒಂದು ಬಣ್ಣದ ಫಿಲ್ಟರ್, ಅದರ ಮೇಲೊಂದು ಸೂಕ್ಷ್ಮ ಮಸೂರ ಇರುವುದರಿಂದ, ಓರೆಯಾಗಿ ಬಂದ ಬೆಳಕು ಒಂದು ಫಿಲ್ಟರನ್ನು ಹಾದು ಪಕ್ಕದ ಪಿಕ್ಸೆಲ್ಲಿಗೆ ಸೋರಿ ಬಣ್ಣದ ಲೆಕ್ಕವನ್ನೇ ತಪ್ಪಿಸುತ್ತದೆ. ತಯಾರಕರು ಅಂಚಿನ ಮಸೂರಗಳನ್ನು ಕೇಂದ್ರದ ಕಡೆಗೆ ತುಸು ಸರಿಸಿ ಕೂರಿಸುತ್ತಾರೆ. ಆದರೆ ಆ ಹೊಂದಾಣಿಕೆ ಎಲ್ಲ ಲೆನ್ಸುಗಳಿಗೂ ಒಂದೇ ರೀತಿ ಒಪ್ಪುವಂಥದ್ದಲ್ಲ.

ಪರಿಹಾರ ಎರಡು ಹಂತದಲ್ಲಿದೆ. ಲೈಕಾದ ಕೋಡ್ ಇರುವ ಲೆನ್ಸುಗಳ ಮೌಂಟಿನ ಮೇಲೆ ಕಪ್ಪು-ಬಿಳುಪು ಬಣ್ಣ ತುಂಬಿದ ಆರು ಪುಟ್ಟ ಗುಳಿಗಳಿರುತ್ತವೆ. ಕ್ಯಾಮೆರಾ ಅವನ್ನು ಓದಿ ಲೆನ್ಸ್ ಯಾವುದೆಂದು ತಿಳಿದು ಅಂಚುಗಳನ್ನು ಸರಿಪಡಿಸುತ್ತದೆ. ನಿಮ್ಮ ಲೆನ್ಸಿನಲ್ಲಿ ಕೋಡ್ ಇಲ್ಲದಿದ್ದರೆ, ಲೈಕಾ ಎಂ9 ಮತ್ತು ಅದರ ನಂತರದ ಮಾದರಿಗಳ ಮೆನುವಿನಲ್ಲಿ ಹತ್ತಿರದ ಲೆನ್ಸೊಂದನ್ನು ನೀವೇ ಆರಿಸಬಹುದು. ಅದರಿಂದಲೂ ಬಣ್ಣ ಉಳಿದರೆ, ಹಾಲುಬಿಳುಪಿನ ಅಕ್ರಿಲಿಕ್ ಹಾಳೆಯೊಂದನ್ನು ಲೆನ್ಸಿನ ಬಾಯಿಗೆ ಒತ್ತಿ ಹಿಡಿದು, ಮೂಲ ಚಿತ್ರ ತೆಗೆದ ಅದೇ ಬೆಳಕಿನಲ್ಲಿ, ಅದೇ ಅಪರ್ಚರಿನಲ್ಲಿ (ಬೆಳಕು ಹಾಯುವ ರಂಧ್ರದ ಅಳತೆ) ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಹಾಳೆ ಪೂರ್ತಿ ಬಿಳಿಯಾಗಿ ಸುಟ್ಟುಹೋಗದಂತೆ ಎಕ್ಸ್‌ಪೋಷರ್ ಸ್ವಲ್ಪ ಕಡಿಮೆಯೇ ಇರಲಿ. ಲೈಟ್‌ರೂಮ್ ಅಥವಾ ಕ್ಯಾಪ್ಚರ್ ಒನ್‌ನಂಥ ಚಿತ್ರ ತಿದ್ದುವ ತಂತ್ರಾಂಶಗಳು ಈ ಖಾಲಿ ಚಿತ್ರವನ್ನು ಆಧಾರವಾಗಿಟ್ಟುಕೊಂಡು ಮೂಲ ಚಿತ್ರದ ಅಂಚುಗಳನ್ನು ಸರಿದೂಗಿಸುತ್ತವೆ. ಅಪರ್ಚರ್ ಬದಲಾದರೆ ಅಂಚಿನ ಬಣ್ಣವೂ ಬದಲಾಗುವುದರಿಂದ ಒಂದೇ ಆಧಾರಚಿತ್ರವನ್ನು ಎಲ್ಲದಕ್ಕೂ ಬಳಸಬೇಡಿ. ಕಪ್ಪು-ಬಿಳುಪು ಚಿತ್ರಗಳಿಗಾದರೆ ಇಷ್ಟೆಲ್ಲ ಶ್ರಮ ಬೇಕಿಲ್ಲ.

ಪ್ರಶ್ನೆ: ಬಳಸಿದ ಲೈಕಾ ಎಂ8 ಅಥವಾ ಎಂ9 ಕೊಳ್ಳಬೇಕೆಂದಿದ್ದೇನೆ. ಎಂ8ರಲ್ಲಿ ಕಪ್ಪು ಬಟ್ಟೆ ನೇರಳೆಯಾಗಿ ಕಾಣುತ್ತದೆ ಎನ್ನುವುದು ನಿಜವೇ?

ಉತ್ತರ: ನಿಜ. ಇದರ ಮೂಲವೂ ಆ ಓರೆ ಬೆಳಕೇ. ಸೆನ್ಸರಿನ ಮುಂದೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ತಡೆಯುವ ಗಾಜು ದಪ್ಪವಿದ್ದಷ್ಟೂ ಅಂಚಿನ ಚಿತ್ರ ಮಸುಕಾಗುತ್ತದೆ. ಆದ್ದರಿಂದ 2006ರಲ್ಲಿ ಬಂದ ಎಂ8ರಲ್ಲಿ ಆ ಗಾಜನ್ನು ಕೇವಲ 0.5 ಮಿ.ಮೀ.ಗೆ ಇಳಿಸಿದರು. ಅಂಚು ಉಳಿಯಿತು, ಅವಕೆಂಪು ಒಳನುಗ್ಗಿತು. ಕೃತಕ ನೂಲಿನ ಕಪ್ಪು ಬಟ್ಟೆಗಳು ಅವಕೆಂಪನ್ನು ಚೆನ್ನಾಗಿ ಪ್ರತಿಫಲಿಸುವುದರಿಂದ ಅವೇ ಮೊದಲು ಬಣ್ಣಗೆಟ್ಟವು. ಲೆನ್ಸಿನ ಮುಂದೆ ಅತಿನೇರಳೆ ಮತ್ತು ಅವಕೆಂಪು ಕಿರಣಗಳನ್ನು ತಡೆಯುವ ಯುವಿ-ಐಆರ್ ಫಿಲ್ಟರ್ ಹಾಕಿದರೆ ದೋಷ ಹೋಗುತ್ತದೆ. ಕಂಪನಿಯೇ ಗ್ರಾಹಕರಿಗೆ ಎರಡೆರಡು ಫಿಲ್ಟರ್ ಉಚಿತವಾಗಿ ಕೊಟ್ಟಿತ್ತು. ಆದರೆ ವೈಡ್ ಲೆನ್ಸಿನ ಮೇಲೆ ಅದೇ ಫಿಲ್ಟರ್ ಮೂಲೆಗಳಲ್ಲಿ ಹಸಿರು-ನೀಲಿ ಛಾಯೆ ತರುತ್ತದೆ, ಅದನ್ನು ಅಳಿಸಲು ಲೆನ್ಸಿಗೆ ಕೋಡ್ ಬೇಕಾಗುತ್ತದೆ.

2009ರ ಎಂ9ರಲ್ಲಿ ಗಾಜು 0.8 ಮಿ.ಮೀ. ಆದ್ದರಿಂದ ಅದಕ್ಕೆ ಫಿಲ್ಟರ್ ಬೇಕಿಲ್ಲ. ಆದರೆ ಅಲ್ಲಿ ಬಳಸಿದ ಗಾಜಿಗೆ ತೇವದಿಂದ ಸವೆಯುವ ಗುಣವಿತ್ತು, ಮುಂದೆ ಅದರ ಬದಲಿಗೆ ಬೇರೆ ಬಗೆಯ ಗಾಜಿನ ಸೆನ್ಸರುಗಳು ಬಂದವು. ಕೊಳ್ಳುವ ಮುನ್ನ ಸೆನ್ಸರ್ ಬದಲಾಗಿದೆಯೇ ಎಂದು ಮಾರುವವರನ್ನು ಕೇಳಿ, ಉತ್ತರ ಏನೇ ಬಂದರೂ ಎಫ್/16ರಲ್ಲಿ ಬರಿಯ ಆಕಾಶದ ಒಂದು ಚಿತ್ರ ತೆಗೆದು ಪೂರ್ಣ ಗಾತ್ರದಲ್ಲಿ ನೋಡಿ. ಧೂಳಾದರೆ ಒರೆಸಿದಾಗ ಹೋಗುತ್ತದೆ. ಸುತ್ತ ತಿಳಿಬಣ್ಣದ ಉಂಗುರವಿರುವ ಚುಕ್ಕೆ ಒರೆಸಿದರೂ ಹೋಗದಿದ್ದರೆ ಅದು ಸವೆತ, ಅಂಥದ್ದನ್ನು ಬಿಟ್ಟುಬಿಡಿ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ, ಸೆನ್ಸರ್ ಬದಲಾದ ಎಂ9 ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: 50 ಮಿ.ಮೀ. ಎಫ್/1.5 ಲೆನ್ಸಿನಲ್ಲಿ ಅಪರ್ಚರ್ ಪೂರ್ತಿ ತೆರೆದಾಗ ಕಣ್ಣು ಸ್ಪಷ್ಟವಾಗಿರುತ್ತದೆ, ಎಫ್/2.8ಕ್ಕೆ ಇಳಿಸಿದರೆ ಕಿವಿ ಸ್ಪಷ್ಟವಾಗುತ್ತದೆ. ರೇಂಜ್‌ಫೈಂಡರ್ ಸರಿಹೊಂದಿಸಬೇಕೇ?

ಉತ್ತರ: ಬೇಡ. ಪೂರ್ತಿ ತೆರೆದಾಗ ಫೋಕಸ್ ಸರಿಯಿದೆಯೆಂದರೆ ರೇಂಜ್‌ಫೈಂಡರ್ ಸರಿಯಾಗಿಯೇ ಇದೆ. ಕೆಲವು ಲೆನ್ಸುಗಳಲ್ಲಿ ಅಂಚಿನಿಂದ ಹಾಯುವ ಕಿರಣಗಳೂ ನಡುವಿನಿಂದ ಹಾಯುವ ಕಿರಣಗಳೂ ಒಂದೇ ಕಡೆ ಕೂಡುವುದಿಲ್ಲ. ಅಪರ್ಚರ್ ಮುಚ್ಚಿದಾಗ ಅಂಚಿನ ಕಿರಣಗಳು ನಿಂತುಹೋಗಿ ಫೋಕಸ್ ಹಿಂದಕ್ಕೆ ಸರಿಯುತ್ತದೆ. ಎಸ್‌ಎಲ್‌ಆರ್‌ನಂತೆ ಇಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲವಾದ್ದರಿಂದ ಆ ಸರಿತ ವ್ಯೂಫೈಂಡರಿನಲ್ಲಿ ಗೋಚರಿಸುವುದಿಲ್ಲ. ಎಫ್/2.8ರಲ್ಲಿ ತೆಗೆಯುವಾಗ ಎರಡು ಬಿಂಬಗಳು ಕೂಡಿದ ಮೇಲೆ ನಿಮ್ಮ ಮುಖವನ್ನು ತುಸು ಹಿಂದಕ್ಕೆ ಒಯ್ಯಿರಿ, ಅಂದರೆ ಕ್ಯಾಮೆರಾವನ್ನು ಕಣ್ಣಿನಿಂದ ತೆಗೆಯದೆ ನೀವೇ ಕೂದಲೆಳೆಯಷ್ಟು ಹಿಂದೆ ಸರಿಯಿರಿ. ಲೈವ್ ವ್ಯೂ (ಸೆನ್ಸರ್ ಕಾಣುವ ದೃಶ್ಯವನ್ನು ಪರದೆಯಲ್ಲಿ ತೋರಿಸುವ ಸೌಲಭ್ಯ) ಇರುವ ಮಾದರಿಯಾದರೆ ಅಪರ್ಚರ್ ಇಳಿಸಿದ ನಂತರವೇ ಪರದೆಯಲ್ಲಿ ಹಿಗ್ಗಿಸಿ ಫೋಕಸ್ ಮಾಡಿ. ಎಫ್/5.6 ದಾಟಿದ ಮೇಲೆ ಸ್ಪಷ್ಟತೆಯ ಹರವು ಹೆಚ್ಚುವುದರಿಂದ ಈ ತೊಂದರೆ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.