ಟಿ-55 ಕಿಟ್: ಟಾಮಿಯಾನಾ, ಒಳಾಂಗಣ ಇರುವ ಮಿನಿಆರ್ಟಾ?

ನೀವು ತುಮಕೂರಿನವರು, ಬಿಡಿ ಪ್ಲಾಸ್ಟಿಕ್ ಪಾರ್ಟು ಜೋಡಿಸಿ ಮಾಡೆಲ್ ಮಾಡುವ ಕಿಟ್ ತಗೊಳ್ತಿರೋದು ಇದೇ ಮೊದಲು, ಬೇಕಿರೋದು 1/35 ಅಳತೆಯ (ನಿಜವಾದದ್ದರ ಮೂವತ್ತೈದನೇ ಒಂದು ಪಾಲು) ಸೋವಿಯತ್ ಟಿ-55 ಟ್ಯಾಂಕ್, ದುಡ್ಡು ಒಂದಕ್ಕೇ ಆಗೋದು. ಟಾಮಿಯಾ ಕಂಪನಿಯದು ತಗೊಳ್ಳಲಾ, ಒಳಗಿನ ಇಂಜಿನ್ ಸಮೇತ ಬರುವ ಮಿನಿಆರ್ಟ್ ಕಂಪನಿಯದು ತಗೊಳ್ಳಲಾ ಅಂತ ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಇದೇ ಊರಿನಲ್ಲಿ ಕೂತು ಇದೇ ಎರಡು ಬಾಕ್ಸ್‌ಗಳ ಫೋಟೊ ನೋಡುತ್ತಾ ನಿದ್ದೆಗೆಟ್ಟವನು ನಾನು. ಕೊನೆಗೆ ಮಿನಿಆರ್ಟ್ ತರಿಸಿದೆ.

ಕಿಟ್ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಸಾವಿರ ದಾಟುವಷ್ಟು ಪಾರ್ಟುಗಳು. ವಿ-12 ಡೀಸೆಲ್ ಇಂಜಿನ್, ಗುಂಡುಗಳನ್ನು ಜೋಡಿಸಿಡುವ ಕಪಾಟು, ಡ್ರೈವರ್ ಸೀಟಿನ ಎರಡೂ ಪಕ್ಕದ ಲಿವರ್‌ಗಳು, ಎಲ್ಲವೂ ಇವೆ. ಪೈಸೆ ಪೈಸೆಗೂ ಬೆಲೆ ಬಾಳುವ ಕಿಟ್. ತೊಂದರೆ ಏನಂದ್ರೆ ನನ್ನ ಹತ್ತಿರ ಇದ್ದ ಪೈಸೆಯೆಲ್ಲಾ ಆ ಬಾಕ್ಸ್‌ಗೇ ಹೋಗಿತ್ತು. ಪಾರ್ಟು ಕತ್ತರಿಸಲು ಮನೆಯ ನೇಲ್ ಕಟ್ಟರ್. ಬ್ರಶ್ಶು ಸ್ಟೇಷನರಿ ಅಂಗಡಿಯದು. ಟ್ಯಾಂಕಿನ ಚಕ್ರಗಳ ಸುತ್ತ ಓಡುವ ಚೈನಿಗೆ ಮಾಡೆಲ್ ಪೇಂಟ್ ತರಿಸಲು ದುಡ್ಡಿಲ್ಲ ಅಂತ ಹಾರ್ಡ್‌ವೇರ್ ಅಂಗಡಿಯಿಂದ ಕಂದು ಬಣ್ಣದ ಸ್ಪ್ರೇ ಡಬ್ಬಿ ತಂದೆ.

ಚೈನಿನ ಬಗ್ಗೆ ಹೇಳಲೇಬೇಕು. ಆ ಕಿಟ್‌ನಲ್ಲಿ ಚೈನು ಒಂದೊಂದೇ ಕೊಂಡಿಯಾಗಿ ಬರುತ್ತೆ. ಒಂದು ಬದಿಗೆ ಸುಮಾರು 90 ಕೊಂಡಿ. ಪ್ರತಿಯೊಂದನ್ನೂ ಕತ್ತರಿಸಿ, ಉಜ್ಜಿ, ಜೋಡಿಸಬೇಕು. ಟಿವಿ ಮುಂದೆ ಕೂತು ಉಜ್ಜಿ ಉಜ್ಜಿ ಎರಡೂ ಬದಿ ಮುಗಿಸಿದೆ. ನಮ್ಮಮ್ಮ ಒಂದು ದಿನ "ಅವರೆಕಾಳು ಬಿಡಿಸಿದ್ರೆ ಸಾರಾದ್ರೂ ಆಗ್ತಿತ್ತು" ಅಂದರು. ಆಮೇಲೆ ಆ ಸ್ಪ್ರೇ ಹೊಡೆದೆ. ಗೇಟಿಗೆ ಹೊಡೆಯುವ ಪೇಂಟು ಅದು, ದಪ್ಪಗೆ ಕೂತಿತು. ಕೊಂಡಿಗಳ ಮೇಲಿನ ಗೆರೆಗಳೆಲ್ಲಾ ಮುಚ್ಚಿಹೋಗಿ ಚೈನು ಚಾಕೊಲೇಟ್ ಪಟ್ಟಿಯ ಥರ ಹೊಳೆಯಿತು.

ಪೇಂಟ್ ತೆಗೆಯಬೇಕು, ಅದಕ್ಕೆ ಥಿನ್ನರ್ ಬೇಕು. ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. "ಎನ್‌ಸಿ ಕೊಡ್ಲಾ, ಆರ್ಡಿನರಿ ಕೊಡ್ಲಾ?" ಅಂತ ಕೇಳಿದರು. ನನಗೆ ಎರಡೂ ಗೊತ್ತಿಲ್ಲ. "ಸ್ಟ್ರಾಂಗ್ ಇರೋದು ಕೊಡಿ ಅಣ್ಣ" ಅಂದೆ. ದೊಡ್ಡ ಡಬ್ಬಿಯಿಂದ ಖಾಲಿ ನೀರಿನ ಬಾಟಲಿಗೆ ಸುರಿದು ಕೊಟ್ಟರು. ನಾನು ದಡ್ಡನಾಗಿದ್ದು ಇಲ್ಲೇ. ಆ ಬಾಟಲಿಯೂ ಪ್ಲಾಸ್ಟಿಕ್ಕೇ ಅಲ್ವಾ, ಅದಕ್ಕೇ ಏನೂ ಆಗಿಲ್ಲ ಅಂದಮೇಲೆ ಕೊಂಡಿಗೇನಾಗುತ್ತೆ ಅಂದುಕೊಂಡೆ. ಎಲ್ಲಾ ಪ್ಲಾಸ್ಟಿಕ್ ಒಂದೇ ಅಲ್ಲ. ನೀರಿನ ಬಾಟಲಿ ಪೆಟ್ (PET) ಅನ್ನುವ ಪ್ಲಾಸ್ಟಿಕ್. ಕಿಟ್ ಪಾರ್ಟುಗಳು ಪಾಲಿಸ್ಟೈರೀನ್. ಅವರು ಕೊಟ್ಟ ಸ್ಟ್ರಾಂಗ್ ಥಿನ್ನರ್ ಅಂದ್ರೆ ಎನ್‌ಸಿ, ನೈಟ್ರೋಸೆಲ್ಯುಲೋಸ್ ಪೇಂಟಿಗೆ ಬಳಸೋದು. ಅದರಲ್ಲಿ ಸಾಮಾನ್ಯವಾಗಿ ಟಾಲ್ವೀನ್, ಅಸಿಟೋನ್, ಬ್ಯೂಟೈಲ್ ಅಸಿಟೇಟ್ ಥರದವು ಇರುತ್ತವೆ. ಪೆಟ್ ಇವನ್ನು ಸುಮಾರಾಗಿ ತಡೆದುಕೊಳ್ಳುತ್ತೆ, ಪಾಲಿಸ್ಟೈರೀನ್ ಕರಗುತ್ತೆ. ಇನ್ನೊಂದು ವಿಷಯ ಗೊತ್ತಾ? ಕಿಟ್ ಪಾರ್ಟು ಅಂಟಿಸುವ ಗಮ್ಮು, ಟಾಮಿಯಾದ ಎಕ್ಸ್‌ಟ್ರಾ ಥಿನ್ ಸಿಮೆಂಟ್‌ನಲ್ಲಿ ಇರೋದೂ ಅಸಿಟೋನ್ ಮತ್ತು ಬ್ಯೂಟೈಲ್ ಅಸಿಟೇಟೇ. ಈ ಗಮ್ಮು ಫೆವಿಕಾಲ್ ಥರ ಮೇಲೆ ಕೂತು ಅಂಟಿಸಲ್ಲ. ಎರಡೂ ಪಾರ್ಟಿನ ಅಂಚನ್ನು ಕರಗಿಸಿ ಒಂದು ಮಾಡುತ್ತೆ, ಆಮೇಲೆ ಆರಿಹೋಗುತ್ತೆ. ಅಂದ್ರೆ ಪೇಂಟ್ ತೊಳೀತೀನಿ ಅಂತ ನಾನು ಅಷ್ಟೂ ಕೊಂಡಿಗಳನ್ನು ಹೆಚ್ಚುಕಮ್ಮಿ ಗಮ್ಮಿನಲ್ಲೇ ನೆನೆಹಾಕಿದ್ದೆ.

ಸ್ಟೀಲ್ ಬಟ್ಟಲಿಗೆ ಹಾಕಿ ಕಾಫಿ ಕುಡಿದು ಬಂದೆ. ಪೇಂಟ್ ಹೋಗಿತ್ತು, ನಿಜ. ಒಂದು ಕೊಂಡಿ ಎತ್ತಿದರೆ ಪಕ್ಕದ ನಾಲ್ಕು ಜೊತೆಗೆ ಎದ್ದವು. ಚಕ್ರಗಳ ನಡುವೆ ಕೂರಬೇಕಾದ ಹಲ್ಲು ಬಗ್ಗಿ ಒಂದು ಕಡೆ ಮಲಗಿತ್ತು. ಒತ್ತಿ ಹಿಡಿದಿದ್ದ ಜಾಗದಲ್ಲಿ ನನ್ನ ಹೆಬ್ಬೆಟ್ಟಿನ ಗೆರೆ ಮೂಡಿತ್ತು. ಬೇರೆ ಚೈನಿನ ಸೆಟ್ ತರಿಸೋಣ ಅಂದ್ರೆ ಅದರ ಬೆಲೆ, ಕೊರಿಯರ್ ಎಲ್ಲಾ ಸೇರಿ ಇನ್ನೊಂದು ಸಣ್ಣ ಕಿಟ್ಟಿನಷ್ಟಾಗುತ್ತಿತ್ತು. ಟ್ಯಾಂಕ್ ಚೈನಿಲ್ಲದೆ ಶೋಕೇಸ್‌ನಲ್ಲಿ ನಿಂತಿದೆ. ಮನೆಗೆ ಬಂದವರು ಎತ್ತಿನ ಗಾಡಿಯಾ ಅಂತ ಕೇಳ್ತಾರೆ.

ಹಾಗಾಗಿ ಯಾವ ಕಂಪನಿ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ದುಡ್ಡು ಒಂದು ಬಾಕ್ಸ್‌ಗೆ ಸಾಕು ಅಂತೀರಿ. ಹಾಗಿದ್ರೆ ಯಾವ ಬಾಕ್ಸ್‌ಗೂ ಸಾಲದು. ಮೊದಲು ಸೈಡ್ ಕಟ್ಟರ್, ಗಮ್ಮು, ಪ್ರೈಮರ್, ಮೂರು ನಾಲ್ಕು ಬಣ್ಣ, ಆ ಬಣ್ಣದ ಕಂಪನಿಯದೇ ಥಿನ್ನರ್, ಇಷ್ಟಕ್ಕೆ ದುಡ್ಡು ಎತ್ತಿಡಿ. ಉಳಿದಿದ್ದರಲ್ಲಿ ಬರುವ ಕಿಟ್ ತಗೊಳ್ಳಿ. ಅದು ಟಾಮಿಯಾನೇ ಆಗಿರುತ್ತೆ. ಅದಕ್ಕೂ ಸಾಲದಿದ್ದರೆ 1/72 ಅಳತೆಯದು ತಗೊಳ್ಳಿ, ನಾಚಿಕೆ ಏನಿಲ್ಲ. 1/35 ಅನ್ನೋದೇನು ಶಾಸ್ತ್ರವಾ? 1960ರ ದಶಕದ ಆರಂಭದಲ್ಲಿ ಟಾಮಿಯಾದವರು ಮೋಟರು, ಬ್ಯಾಟರಿ ಒಳಗೆ ಹಿಡಿಯಲಿ ಅಂತ ಪ್ಯಾಂಥರ್ ಟ್ಯಾಂಕಿಗೆ ಇಟ್ಟ ಅಳತೆ, ಅದೇ ಉಳಿದುಕೊಂಡಿತು.

ಒಳಾಂಗಣ ಮೊದಲ ಸಲಕ್ಕೆ ಬೇಡವೇ ಬೇಡ. ಮುಚ್ಚಳಗಳು ಸಣ್ಣವು. ಮೇಲ್ಭಾಗ ಅಂಟಿಸಿದ ಮೇಲೆ ಟಾರ್ಚ್ ಬಿಟ್ಟರೂ ಒಂದು ಸೀಟು, ಅರ್ಧ ಲಿವರ್ ಕಾಣಬಹುದು ಅಷ್ಟೆ. ನನ್ನ ಇಂಜಿನ್ ನೋಡಿರುವವನು ನಾನೊಬ್ಬನೇ.

ಟಾಮಿಯಾದಲ್ಲಿ ಚೈನು ರಬ್ಬರಿನಂಥ ಮೆತ್ತನೆಯ ಪಟ್ಟಿ. ಸುತ್ತಿದರೆ ಆಯಿತು. ಆದರೆ ಒಂದು ಕಡೆ ಗಮನ ಇರಲಿ. ಟಿ-55ಗೆ ಬದಿಗೆ ಐದು ದೊಡ್ಡ ಚಕ್ರ ಇವೆ. ಟಿ-72ಕ್ಕೆ ಇರುವಂತೆ ಚೈನನ್ನು ಮೇಲೆ ಹೊರುವ ಸಣ್ಣ ರೋಲರ್‌ಗಳು ಇದಕ್ಕಿಲ್ಲ. ಹಾಗಾಗಿ ನಿಜವಾದ ಟ್ಯಾಂಕಿನಲ್ಲಿ ಚೈನು ಜೋತುಬಿದ್ದು ಚಕ್ರಗಳ ಮೇಲೇ ಕೂತಿರುತ್ತೆ. ಮೆತ್ತನೆಯ ಪಟ್ಟಿ ಬಿಗಿಯಾಗಿ ಮೇಲೆ ತೇಲಿದರೆ ಆಟದ ಸಾಮಾನು ಅನಿಸುತ್ತೆ. ಪೇಂಟ್ ಆದಮೇಲೆ ಪಟ್ಟಿಯನ್ನು ಚಕ್ರದ ನೆತ್ತಿಗೆ ಒತ್ತಿ, ಒಂದೊಂದು ಹನಿ ಫೆವಿಕ್ವಿಕ್ ಹಾಕಿ. ಸಾಕು.

ಥಿನ್ನರ್ ಯಾವುದೇ ಇರಲಿ, ಮೊದಲು ಪಾರ್ಟು ಕತ್ತರಿಸಿದ ಮೇಲೆ ಉಳಿಯುವ ಖಾಲಿ ಚೌಕಟ್ಟಿನ ಮೇಲೆ ಒಂದು ಹನಿ ಹಾಕಿ, ರಾತ್ರಿಯಿಡೀ ಬಿಟ್ಟು ನೋಡಿ. ಅಕ್ರಿಲಿಕ್ ಪೇಂಟ್ ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಒಳ್ಳೆಯದು. ಟರ್ಪೆಂಟೈನ್ ಕೂಡ ಬರೀ ಪ್ಲಾಸ್ಟಿಕ್ ಮೇಲೆ ಸುರಿಯಬೇಡಿ, ಬಿಗಿಯಾಗಿ ಕೂತ ಜಾಗದಲ್ಲಿ ಸೀಳು ಬಿಡಬಹುದು.

ಭಾರತೀಯ ಸೇನೆಯ ಟ್ಯಾಂಕ್ ಥರ ಬಣ್ಣ ಹೊಡೀಬೇಕು ಅಂತಲೂ ಬರೆದಿದ್ದೀರಿ. ಬಣ್ಣಕ್ಕಿಂತ ಮೊದಲು ಗನ್ ನೋಡಿ. ನಮ್ಮ ಟಿ-55ಗಳು 1971ರ ಯುದ್ಧದಲ್ಲಿ ಇದ್ದವು, ಆಗ ಅವಕ್ಕೆ ಮೂಲ 100 ಮಿ.ಮೀ. ಗನ್ನು. ಆಮೇಲೆ ಬಹಳಷ್ಟಕ್ಕೆ 105 ಮಿ.ಮೀ. ಹಾಕಿಸಿದರು. ಗುರುತು ಹಿಡಿಯೋದು ಸುಲಭ. ಗನ್ನಿನ ಕೊಳವೆಯ ಮೇಲೆ ಒಂದು ಉಬ್ಬು ಇರುತ್ತೆ, ಗುಂಡು ಹಾರಿಸಿದ ಮೇಲೆ ಒಳಗಿನ ಹೊಗೆ ಎಳೆಯಲು. ಅದು ತುದಿಯಲ್ಲಿದ್ದರೆ 100, ನಡುವಿನಲ್ಲಿದ್ದರೆ 105. ಕಿಟ್‌ನಲ್ಲಿ ಬರೋದು 100ರದ್ದು. ಹಾಗಾಗಿ 1971ರ ಟ್ಯಾಂಕ್ ಮಾಡಿದರೆ ಗನ್ನಿನ ಮಟ್ಟಿಗೆ ಬಾಕ್ಸ್‌ನಲ್ಲಿ ಇರೋದೇ ಸಾಕು. ನಿಮಗೆ ಬೇಕಿರೋದು ಎಲ್ಲೋ ಪ್ರದರ್ಶನಕ್ಕೆ ನಿಲ್ಲಿಸಿರುವ ಟ್ಯಾಂಕಾದರೆ, ಆರ್ಡರ್ ಮಾಡುವ ಮುಂಚೆ ಅದರ ಫೋಟೊ ಹಿಗ್ಗಿಸಿ ಆ ಉಬ್ಬು ಎಲ್ಲಿದೆ ನೋಡಿ. ನಡುವಿನಲ್ಲಿದ್ದರೆ ಕೊಳವೆ ಬೇರೆ ತರಿಸಬೇಕು, ಅದಕ್ಕೂ ದುಡ್ಡು ಎತ್ತಿಡಿ.