ಗಾಳಿ ಎದ್ದಿತು, ಹುಡುಗಿ ಏನಾದಳು?

ಪ್ರಶ್ನೆ: ಗ್ರೀಕ್ ಚಿತ್ರ ‘ಇಫಿಜೀನಿಯಾ’ (1977) ನೋಡಿದೆವು. ಟ್ರಾಯ್ ಯುದ್ಧಕ್ಕೆ ಹಡಗು ಸಾಗಲು ಗಾಳಿ ಬೇಕೆಂದು ದೊರೆ ಅಗಮೆಮ್ನಾನ್ ಮಗಳನ್ನೇ ಬಲಿಗೆ ಒಪ್ಪಿಸುತ್ತಾನೆ. ಆದರೆ ಬಲಿಯನ್ನು ತೋರಿಸುವುದೇ ಇಲ್ಲ. ದೇವತೆ ಕಾಪಾಡಿದಳು ಎನ್ನುತ್ತಾರೆ ಅತ್ತೆ. ನನಗೆ ನಂಬಿಕೆಯಿಲ್ಲ. ನೀವೇನು ಹೇಳುತ್ತೀರಿ?
— ಓದುಗರೊಬ್ಬರು, ಇಳಕಲ್

ಉತ್ತರ: ಜಗಳ ಬಹಳ ಹಳೆಯದು, ತಾಯಿ. ಚಿತ್ರಕ್ಕೆ ಮೂಲವಾದ, ಪ್ರಾಚೀನ ಗ್ರೀಕ್ ನಾಟಕಕಾರ ಯೂರಿಪಿಡೀಸನ ನಾಟಕದ ಕೊನೆಗೆ ದೂತನೊಬ್ಬ ಬಂದು, ಹುಡುಗಿ ಮಾಯವಾದಳು, ಅವಳ ಜಾಗದಲ್ಲಿ ಜಿಂಕೆ ಬಿದ್ದಿತ್ತು ಎನ್ನುತ್ತಾನೆ. ಆ ಭಾಗವನ್ನು ಬೇರೆಯವರು ಆಮೇಲೆ ಸೇರಿಸಿದ್ದೆಂದು ಅನೇಕ ವಿದ್ವಾಂಸರ ಅನುಮಾನ. ನಿರ್ದೇಶಕ ಮೈಕೆಲ್ ಕಾಕೊಯಾನ್ನಿಸ್ ದೂತನನ್ನೂ ಜಿಂಕೆಯನ್ನೂ ಕೈಬಿಟ್ಟರು.

ನನ್ನ ಮಟ್ಟಿಗೆ ಅವಳು ಸತ್ತಳು. ಸಿಂದಗಿ ಕಡೆಯ ನಮ್ಮ ಕಣದಲ್ಲಿ ಜೋಳದ ರಾಶಿ ತೂರಲು ಅಪ್ಪ ಮೊರ ಹಿಡಿದು ಗಾಳಿಗಾಗಿ ಕಾಯುತ್ತಿದ್ದರು. ಎರಡು ದಿನ ಎಲೆ ಅಲುಗದಿದ್ದರೆ ಸಾಕು, ಸಮಾಧಾನಿಯೆಂದು ಹೆಸರಾದ ಅಪ್ಪನೂ ಎತ್ತುಗಳನ್ನು ಬೈಯುತ್ತಿದ್ದರು. ಚಿತ್ರದ ಸೈನಿಕರೂ ಅಂಥ ಸ್ಥಿತಿಯಲ್ಲಿದ್ದಾರೆ, ಆದರೆ ಅವರ ಕೈಯಲ್ಲಿರುವುದು ಮೊರವಲ್ಲ. ಹುಡುಗಿ ಬಲಿಪೀಠದತ್ತ ಹತ್ತುತ್ತಿರುವಾಗಲೇ ಗಾಳಿ ಏಳುತ್ತದೆ, ಗಮನಿಸಿದಿರಾ? ಕತ್ತಿ ಬೇಕೇ ಇರಲಿಲ್ಲ! ತಂದೆ ಓಡುತ್ತಾನೆ, ಅವನ ಮುಖವಷ್ಟೇ ನಮಗೆ ಕಾಣುವುದು. ಆ ಮುಖ ಜಿಂಕೆಯನ್ನು ಕಂಡದ್ದಲ್ಲ. ತಾಯಿಯಾಗಿ ನಟಿಸಿದ ಐರೀನ್ ಪಾಪಾಸ್ ಕಡೆಗೆ ಹಡಗುಗಳತ್ತ ಬೀರುವ ನೋಟವೂ ಅಷ್ಟೇ. ಪುರಾಣದಲ್ಲಿ ಮುಂದೆ, ಯುದ್ಧ ಮುಗಿಸಿ ಬಂದ ಗಂಡನನ್ನು ಕೊಲ್ಲುವವಳು ಆ ತಾಯಿಯೇ.

ಅತ್ತೆಯವರಿಗೂ ಒಂದು ಆಧಾರವುಂಟು: ಯೂರಿಪಿಡೀಸನದೇ ಇನ್ನೊಂದು ನಾಟಕದಲ್ಲಿ ಇಫಿಜೀನಿಯಾ ದೂರದ ಟೌರಿಸ್ ನಾಡಿನಲ್ಲಿ ದೇವತೆಯ ಪೂಜಾರಿಣಿಯಾಗಿ ಬದುಕಿದ್ದಾಳೆ. ಇದನ್ನು ಅವರಿಗೆ ಹೇಳುವುದೂ ಬಿಡುವುದೂ ನಿಮಗೆ ಸೇರಿದ್ದು.