ಪೊಡಿಯಾಟ್ರಿ ಬೋರ್ಡ್ ಪರೀಕ್ಷೆಯ ಪಾರ್ಟ್ ಒಂದಕ್ಕೆ ಎಲ್ಲಿಂದ ಓದಲು ಶುರು ಮಾಡಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಊರು ದಾವಣಗೆರೆ, ಈಗ ಅಮೆರಿಕದಲ್ಲಿ ಡಿಪಿಎಂ, ಅಂದರೆ ಪಾದದ ವೈದ್ಯರಾಗಲು ಓದುವ ಪೊಡಿಯಾಟ್ರಿ ಡಿಗ್ರಿಯ ಎರಡನೇ ವರ್ಷ, ಬರುವ ಬೇಸಿಗೆಯಲ್ಲಿ ಲೈಸೆನ್ಸ್‌ಗೆ ಬೇಕಾದ ಎಪಿಎಂಎಲ್‌ಇ ಬೋರ್ಡ್ ಪರೀಕ್ಷೆಯ ಪಾರ್ಟ್ ಒಂದು ಬರೆಯಬೇಕು. ಎಂಡಿ (ಅಮೆರಿಕದ ಮೂಲ ವೈದ್ಯಕೀಯ ಡಿಗ್ರಿ) ಓದುವವರ ಸಾಮಗ್ರಿಯನ್ನೇ ತಿರುವಿ ಹಾಕಿದರೆ ಸಾಕು ಅಂತ ಸೀನಿಯರ್‌ಗಳು ಹೇಳುತ್ತಿದ್ದಾರೆ. ಆದರೆ ಕಾಲಿನ ಅನಾಟಮಿ ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಕಾಲಿನಿಂದಲೇ ಶುರು ಮಾಡಿ. ಉಳಿದ ವಿಷಯಗಳನ್ನೂ ಅದರ ಮೇಲೆಯೇ ಕಟ್ಟಿಕೊಂಡು ಹೋಗಿ. ನಾನು ಮಿಡ್‌ವೆಸ್ಟ್‌ನಲ್ಲಿ ಪೊಡಿಯಾಟ್ರಿಸ್ಟ್ ಆಗಿ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ರೊಟೇಶನ್‌ಗೆ ಬರುವ ವಿದ್ಯಾರ್ಥಿಗಳಿಗೆ ಈ ಪರೀಕ್ಷೆಗೆ ಪಾಠವನ್ನೂ ಹೇಳುತ್ತೇನೆ. ಕಾಲನ್ನು ಕೊನೆಗೆ ನೋಡಿಕೊಂಡರಾಯಿತು ಅಂತ ಬಿಟ್ಟವರು ಪರೀಕ್ಷೆ ಹತ್ತಿರ ಬಂದಾಗ ಒದ್ದಾಡುವುದನ್ನು ಬಹಳ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇದನ್ನು ಓದುವ ಬೇರೆಯವರಿಗಾಗಿ ಒಂದೆರಡು ಮಾತು. ಅಮೆರಿಕದಲ್ಲಿ ಪೊಡಿಯಾಟ್ರಿ ಎಂಡಿಯ ಒಳಗಿನ ಸ್ಪೆಷಾಲಿಟಿ ಅಲ್ಲ, ಅದಕ್ಕೆ ಪ್ರತ್ಯೇಕವಾದ ನಾಲ್ಕು ವರ್ಷದ ಡಿಗ್ರಿ ಇದೆ. ಆಮೇಲೆ ಮೂರು ವರ್ಷ ರೆಸಿಡೆನ್ಸಿ. ಲೈಸೆನ್ಸ್ ಕೊಡುವುದು ಆಯಾ ರಾಜ್ಯ, ಪರೀಕ್ಷೆ ನಡೆಸುವುದು ಎನ್‌ಬಿಪಿಎಂಇ ಅನ್ನುವ ರಾಷ್ಟ್ರೀಯ ಮಂಡಳಿ. ಭಾರತದಲ್ಲಿ ಎಂಬಿಬಿಎಸ್ ಅಥವಾ ಬಿಪಿಟಿ ಮುಗಿಸಿದವರು ನೇರವಾಗಿ ಬಂದು ಈ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಅಮೆರಿಕದ ಮಾನ್ಯತೆ ಪಡೆದ ಪೊಡಿಯಾಟ್ರಿ ಕಾಲೇಜಿನಲ್ಲೇ ಓದಿರಬೇಕು. ಈ ಪ್ರಶ್ನೆ ನನಗೆ ಬೆಂಗಳೂರಿನಿಂದ ಆಗಾಗ ಬರುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಪಾರ್ಟ್ ಒಂದರಲ್ಲಿ ಜನರಲ್ ಅನಾಟಮಿ, ಲೋವರ್ ಎಕ್ಸ್‌ಟ್ರೀಮಿಟಿ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಮತ್ತು ಇಮ್ಯುನಾಲಜಿ, ಪ್ಯಾಥಾಲಜಿ, ಫಾರ್ಮಕಾಲಜಿ ಇರುತ್ತವೆ. ಇದರಲ್ಲಿ ಕಾಲಿನ ಅನಾಟಮಿ ಒಂದಕ್ಕೇ ಸುಮಾರು ಕಾಲು ಭಾಗ ಪ್ರಶ್ನೆಗಳು. ನಿಮ್ಮ ವರ್ಷದ ನಿಖರ ಹಂಚಿಕೆ ಮಂಡಳಿಯ ಬುಲೆಟಿನ್‌ನಲ್ಲಿ ಇರುತ್ತದೆ, ಅದನ್ನು ಪ್ರಿಂಟ್ ತೆಗೆದು ಮೇಜಿನ ಎದುರು ಅಂಟಿಸಿಕೊಳ್ಳಿ. ಸೀನಿಯರ್‌ಗಳ ಸಲಹೆಯಲ್ಲಿ ಅರ್ಧ ಸತ್ಯವಿದೆ. ಪ್ಯಾಥಾಲಜಿ, ಫಾರ್ಮಕಾಲಜಿ, ಮೈಕ್ರೋ, ಫಿಸಿಯಾಲಜಿಗೆ ಎಂಡಿ ವಿದ್ಯಾರ್ಥಿಗಳ ಸಾಮಗ್ರಿ ತುಂಬ ಚೆನ್ನಾಗಿದೆ, ಧಾರಾಳವಾಗಿ ಬಳಸಿ. ಆದರೆ ಆ ಪುಸ್ತಕಗಳಲ್ಲಿ ಪಾದದ ಬಗ್ಗೆ ಸಿಗುವುದು ಒಂದೆರಡು ಪುಟ ಮಾತ್ರ. ನಿಮ್ಮ ಪರೀಕ್ಷೆಯ ಅತಿ ದೊಡ್ಡ ತುಂಡು ಅವುಗಳಲ್ಲಿ ಇಲ್ಲವೇ ಇಲ್ಲ. ಅದು ಸಿಗುವುದು ನಿಮ್ಮ ಕಾಲೇಜಿನ ನೋಟ್ಸ್, ಡಿಸೆಕ್ಷನ್ ಲ್ಯಾಬ್ ಮತ್ತು ನಿಮ್ಮದೇ ಕಾಲಿನಲ್ಲಿ.

ಅನಾಟಮಿ ತಲೆಯಲ್ಲಿ ನಿಲ್ಲದಿರುವುದಕ್ಕೆ ಹೆಚ್ಚಿನ ಸಲ ಕಾರಣ ಪಟ್ಟಿ. ಹುಟ್ಟು, ಸೇರುವ ಜಾಗ, ನರ, ಕೆಲಸ ಅಂತ ನಾಲ್ಕು ಕಾಲಂ ಹಾಕಿ ಉರು ಹೊಡೆದರೆ ಮಾರನೇ ವಾರಕ್ಕೆ ಎಲ್ಲ ಕಲಸಿ ಹೋಗುತ್ತದೆ. ಅದರ ಬದಲು ಶೂ, ಸಾಕ್ಸ್ ಬಿಚ್ಚಿ ನೆಲದ ಮೇಲೆ ಕೂತುಕೊಳ್ಳಿ. ಕಾಲಗಿಣ್ಣಿನ ಒಳಬದಿಯ ಗಂಟಿನ ಹಿಂದೆ ಬೆರಳಿಟ್ಟರೆ ಪೋಸ್ಟೀರಿಯರ್ ಟಿಬಿಯಲ್ ಧಮನಿಯ ಮಿಡಿತ ಸಿಗುತ್ತದೆ. ಬೆರಳನ್ನು ಅಲ್ಲೇ ಇಟ್ಟು ಪಾದವನ್ನು ಒಳಕ್ಕೆ ತಿರುಗಿಸಿ. ಗಂಟಿಗೆ ಅಂಟಿಕೊಂಡಂತೆ ಒಂದು ಹುರಿ (ಟೆಂಡನ್) ಎದ್ದು ನಿಲ್ಲುತ್ತದಲ್ಲ, ಅದು ಟಿಬಿಯಾಲಿಸ್ ಪೋಸ್ಟೀರಿಯರ್. ಅದರ ಹಿಂದೆ ಫ್ಲೆಕ್ಸರ್ ಡಿಜಿಟೋರಮ್ ಲಾಂಗಸ್, ಆಮೇಲೆ ಈಗ ಮಿಡಿದ ಧಮನಿ, ಸಿರೆ, ಟಿಬಿಯಲ್ ನರ್ವ್, ಎಲ್ಲಕ್ಕಿಂತ ಹಿಂದೆ ಆಳದಲ್ಲಿ ಫ್ಲೆಕ್ಸರ್ ಹಲೂಸಿಸ್ ಲಾಂಗಸ್. ಟಾಮ್, ಡಿಕ್ ಅಂಡ್ ವೆರಿ ನರ್ವಸ್ ಹ್ಯಾರಿ ಅಂತ ಎಲ್ಲರೂ ಹೇಳಿಕೊಳ್ಳುವ ಕ್ರಮ ಇದೇ. ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದ ಮೇಲೆ ಆ ಸೂತ್ರದ ಅಗತ್ಯವೇ ಅಷ್ಟಾಗಿ ಬೀಳುವುದಿಲ್ಲ.

ಟಿಬಿಯಾಲಿಸ್ ಪೋಸ್ಟೀರಿಯರ್ ಹುರಿಯನ್ನೇ ಹಿಡಿದು ಮುಂದೆ ಹೋಗಿ. ಅದು ಮುಖ್ಯವಾಗಿ ಸೇರುವುದು ನ್ಯಾವಿಕ್ಯುಲರ್ ಮೂಳೆಯ ಉಬ್ಬಿಗೆ. ಕೆಲವರಿಗೆ ಅಲ್ಲಿ ಒಂದು ಹೆಚ್ಚುವರಿ ಮೂಳೆ ಇರುತ್ತದೆ. ಅದರ ಪಕ್ಕದಲ್ಲೇ ಸ್ಪ್ರಿಂಗ್ ಲಿಗಮೆಂಟ್, ಅಂದರೆ ಹಿಮ್ಮಡಿಯ ಕ್ಯಾಲ್ಕೇನಿಯಸ್‌ನಿಂದ ನ್ಯಾವಿಕ್ಯುಲರ್‌ಗೆ ಅಂಗಾಲಿನ ಕಡೆಯಿಂದ ಹೋಗಿ ಟೇಲಸ್‌ನ ತಲೆಯನ್ನು ಹೊತ್ತಿರುವ ಪಟ್ಟಿ. ಈ ಹುರಿ ಸೋತರೆ ಕಮಾನು ಕುಸಿಯುತ್ತದೆ, ದೊಡ್ಡವರಲ್ಲಿ ಹೊಸದಾಗಿ ಕಾಣಿಸುವ ಚಪ್ಪಟೆ ಪಾದ ಹೆಚ್ಚಾಗಿ ಹೀಗೆ ಆದದ್ದು. ಈಗ ಹೊರಬದಿಗೆ ಬನ್ನಿ. ಪಾದವನ್ನು ಹೊರಕ್ಕೆ ತಿರುಗಿಸಿದರೆ ಹೊರ ಗಂಟಿನ ಹಿಂದೆ ಪೆರೋನಿಯಸ್ ಲಾಂಗಸ್ ಮತ್ತು ಬ್ರೆವಿಸ್ ಎರಡೂ ಕೈಗೆ ಸಿಗುತ್ತವೆ. ಬ್ರೆವಿಸ್ ಹೋಗಿ ಐದನೇ ಮೆಟಟಾರ್ಸಲ್‌ನ ಬುಡಕ್ಕೆ ನಿಲ್ಲುತ್ತದೆ. ಕಾಲು ಉಳುಕಿದಾಗ ಆ ತುದಿ ಕಿತ್ತು ಬರುವುದು ಬೇರೆ, ಅದಕ್ಕಿಂತ ಸ್ವಲ್ಪ ಮುಂದೆ ಆಗುವ ಜೋನ್ಸ್ ಫ್ರ್ಯಾಕ್ಚರ್ ಬೇರೆ. ಜೋನ್ಸ್ ಆಗುವ ಜಾಗಕ್ಕೆ ರಕ್ತ ಪೂರೈಕೆ ಕಡಿಮೆ, ಆದ್ದರಿಂದ ಕೂಡಿಕೊಳ್ಳುವುದು ತಡ. ಲಾಂಗಸ್ ಮಾತ್ರ ಕ್ಯೂಬಾಯ್ಡ್ ಕೆಳಗೆ ನುಸುಳಿ, ಇಡೀ ಅಂಗಾಲನ್ನು ಅಡ್ಡ ದಾಟಿ ಒಂದನೇ ಮೆಟಟಾರ್ಸಲ್ ಬುಡ ಮತ್ತು ಮೀಡಿಯಲ್ ಕ್ಯೂನಿಫಾರ್ಮ್ ಸೇರುತ್ತದೆ. ಮೊಣಕಾಲಿನ ಕೆಳಗಿನ ಮುಂಭಾಗದಿಂದ ಇಳಿದು ಬರುವ ಟಿಬಿಯಾಲಿಸ್ ಆಂಟೀರಿಯರ್ ಸೇರುವುದೂ ಅದೇ ಎರಡು ಮೂಳೆಗಳಿಗೆ. ಹೀಗೆ ಒಂದು ಹುರಿ ಹಿಡಿದರೆ ಮೂಳೆ, ಲಿಗಮೆಂಟ್, ಮುರಿತ, ಕಾಯಿಲೆ ಎಲ್ಲ ಅದರ ಹಿಂದೆಯೇ ಬರುತ್ತವೆ. ಪರೀಕ್ಷೆಯಲ್ಲಿ ಕೇಳುವುದೂ ಇಂಥ ಸಂಬಂಧಗಳನ್ನೇ.

ಅಂಗಾಲಿನ ನಾಲ್ಕು ಪದರಗಳನ್ನು ಮಾತ್ರ ಕೈಯಲ್ಲಿ ಬರೆದೇ ಕಲಿಯಬೇಕು, ಬೇರೆ ದಾರಿ ನನಗೆ ಗೊತ್ತಿಲ್ಲ. ಬಿಳಿ ಹಾಳೆ ತಗೊಂಡು ದಿನಾ ಬೆಳಿಗ್ಗೆ ನಾಲ್ಕು ಪಾದ ಬಿಡಿಸಿ, ಒಂದೊಂದರಲ್ಲಿ ಒಂದೊಂದು ಪದರ. ಮೊದಲನೆಯದರಲ್ಲಿ ಅಬ್ಡಕ್ಟರ್ ಹಲೂಸಿಸ್, ಫ್ಲೆಕ್ಸರ್ ಡಿಜಿಟೋರಮ್ ಬ್ರೆವಿಸ್, ಅಬ್ಡಕ್ಟರ್ ಡಿಜಿಟಿ ಮಿನಿಮೈ. ಎರಡನೆಯದರಲ್ಲಿ ಕ್ವಾಡ್ರೇಟಸ್ ಪ್ಲಾಂಟೇ, ಲಂಬ್ರಿಕಲ್‌ಗಳು, ಜೊತೆಗೆ ಎರಡು ಉದ್ದನೆಯ ಫ್ಲೆಕ್ಸರ್ ಹುರಿಗಳು. ಇಲ್ಲೇ ಹೆನ್ರಿಯ ಗಂಟು, ಅಲ್ಲಿ ಡಿಜಿಟೋರಮ್ ಹುರಿ ಹಲೂಸಿಸ್ ಹುರಿಯನ್ನು ಅಂಗಾಲಿನ ಚರ್ಮದ ಕಡೆಯಿಂದ ದಾಟುತ್ತದೆ. ಮೂರನೆಯದರಲ್ಲಿ ಫ್ಲೆಕ್ಸರ್ ಹಲೂಸಿಸ್ ಬ್ರೆವಿಸ್, ಅಡಕ್ಟರ್ ಹಲೂಸಿಸ್, ಕಿರುಬೆರಳಿನ ಸಣ್ಣ ಫ್ಲೆಕ್ಸರ್. ನಾಲ್ಕರಲ್ಲಿ ಇಂಟರಾಸಿಯೈ, ಅಂಗಾಲಿನ ಕಡೆ ಮೂರು, ಮೇಲೆ ನಾಲ್ಕು. ಕೈಯಲ್ಲಿ ಇವುಗಳ ಅಕ್ಷ ನಡುಬೆರಳು, ಕಾಲಿನಲ್ಲಿ ಎರಡನೇ ಬೆರಳು. ಈ ವ್ಯತ್ಯಾಸ ಪ್ರಶ್ನೆ ಮಾಡಲು ಹೇಳಿ ಮಾಡಿಸಿದ ಹಾಗಿದೆ, ಮರೆಯಬೇಡಿ. ನರಗಳ ಲೆಕ್ಕ ಸುಲಭ: ಮೀಡಿಯಲ್ ಪ್ಲಾಂಟರ್ ನರ್ವ್‌ಗೆ ಬರುವುದು ಅಬ್ಡಕ್ಟರ್ ಹಲೂಸಿಸ್, ಎರಡು ಬ್ರೆವಿಸ್ ಫ್ಲೆಕ್ಸರ್‌ಗಳು ಮತ್ತು ಮೊದಲನೇ ಲಂಬ್ರಿಕಲ್. ಅಂಗಾಲಿನಲ್ಲಿ ಉಳಿದದ್ದೆಲ್ಲ ಲ್ಯಾಟರಲ್ ಪ್ಲಾಂಟರ್.

ಚರ್ಮದ ಸ್ಪರ್ಶಕ್ಕೆ ಆ್ಯಂಕಲ್ ಬ್ಲಾಕ್ ಕೊಡುತ್ತಿದ್ದೀರಿ ಅಂದುಕೊಂಡು ಓದಿ. ಪಾದ ಪೂರ್ತಿ ಮರಗಟ್ಟಬೇಕಾದರೆ ಐದು ನರ: ಟಿಬಿಯಲ್, ಡೀಪ್ ಪೆರೋನಿಯಲ್, ಸೂಪರ್‌ಫಿಶಿಯಲ್ ಪೆರೋನಿಯಲ್, ಸ್ಯೂರಲ್, ಸಫೀನಸ್. ಮೊದಲ ಎರಡು ಬೆರಳುಗಳ ಸಂದಿ ಮಾತ್ರ ಡೀಪ್ ಪೆರೋನಿಯಲ್‌ನದು. ಐದರಲ್ಲಿ ನಾಲ್ಕು ಸಯಾಟಿಕ್‌ನ ಮಕ್ಕಳು, ಸಫೀನಸ್ ಒಂದು ಫೆಮೋರಲ್‌ನಿಂದ ಬಂದದ್ದು. ಅರಿವಳಿಕೆ ಮಾತು ಬಂದಾಗಲೇ ಡೋಸನ್ನೂ ಮುಗಿಸಿಬಿಡಿ. ಒಂದು ಪರ್ಸೆಂಟ್ ಅಂದರೆ ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ. ಎಪಿನೆಫ್ರಿನ್ ಇಲ್ಲದ ಲಿಡೊಕೇನ್‌ಗೆ ಕಿಲೋಗೆ 4.5 ಮಿಲಿಗ್ರಾಂ, ದೊಡ್ಡವರಿಗೆ ಒಟ್ಟು 300 ಮಿಲಿಗ್ರಾಂ ಮಿತಿ. ಅಂದರೆ ಒಂದು ಪರ್ಸೆಂಟ್ ದ್ರಾವಣ ಹೆಚ್ಚೆಂದರೆ 30 ಎಂಎಲ್. ಎಪಿನೆಫ್ರಿನ್ ಇದ್ದರೆ ಕಿಲೋಗೆ 7, ಒಟ್ಟು 500. ಈ ಲೆಕ್ಕ ಪಾರ್ಟ್ ಎರಡಕ್ಕೂ ಬೇಕು, ನಿಮ್ಮ ಕೆಲಸದ ಪ್ರತಿ ವಾರಕ್ಕೂ ಬೇಕು.

ಉಳಿದ ವಿಷಯಗಳನ್ನು ಪಾದಕ್ಕೆ ಕಟ್ಟುವುದು ಅಂದೆನಲ್ಲ, ಅದು ಹೀಗೆ. ಉಗುರಿನ ಫಂಗಸ್ ಅಂದರೆ ಟ್ರೈಕೊಫೈಟಾನ್ ರೂಬ್ರಮ್. ಟರ್ಬಿನಫಿನ್ ತಡೆಯುವುದು ಸ್ಕ್ವಾಲೀನ್ ಎಪಾಕ್ಸಿಡೇಸನ್ನು, ಗ್ರೈಸಿಯೋಫಲ್ವಿನ್ ಕೈ ಹಾಕುವುದು ಮೈಕ್ರೋಟ್ಯೂಬ್ಯೂಲ್‌ಗೆ. ಸ್ನೀಕರ್ ತೂರಿ ಮೊಳೆ ಚುಚ್ಚಿದರೆ ಸ್ಯೂಡೊಮೊನಾಸ್ ನೆನಪಾಗಬೇಕು, ಬೆಕ್ಕು ಕಚ್ಚಿದರೆ ಪಾಶ್ಚುರೆಲ್ಲ. ಹೆಬ್ಬೆರಳಿನ ಬುಡ ಕೆಂಪಾಗಿ ಊದಿದೆ ಅಂದರೆ ಗೌಟ್, ಅಲ್ಲಿ ಪ್ಯೂರಿನ್ ದಾರಿ, ಸೂಜಿಯಂಥ ನೆಗೆಟಿವ್ ಬೈರಿಫ್ರಿಂಜೆಂಟ್ ಹರಳು, ಆಲೋಪ್ಯೂರಿನಾಲ್ ಮತ್ತು ಜ್ಯಾಂಥೀನ್ ಆಕ್ಸಿಡೇಸ್ ಎಲ್ಲವನ್ನೂ ಒಂದೇ ಕೂಟದಲ್ಲಿ ಮುಗಿಸಿ. ಫ್ಲೂರೊಕ್ವಿನೊಲೋನ್ ಮಾತ್ರೆಗೂ ಅಕಿಲೀಸ್ ಹುರಿ ಹರಿಯುವುದಕ್ಕೂ ಸಂಬಂಧವಿದೆ. ಆದರೆ ಹೃದಯ, ಮೂತ್ರಪಿಂಡ, ಶ್ವಾಸಕೋಶದ ಫಿಸಿಯಾಲಜಿ ಹೀಗೆ ಪಾದಕ್ಕೆ ಕಟ್ಟಿ ಬರುವುದಿಲ್ಲ. ಅದನ್ನು ಎಂಡಿ ಸಾಮಗ್ರಿಯಿಂದ ನೇರವಾಗಿ ಓದಿಕೊಳ್ಳಿ, ಬಿಡಬೇಡಿ. ಜನರಲ್ ಅನಾಟಮಿಯೂ ಅಷ್ಟೇ, ತಲೆ-ಕುತ್ತಿಗೆಯಿಂದಲೂ ಕೇಳುತ್ತಾರೆ.

ಕುಷ್ಠರೋಗದ ಬಗ್ಗೆ ನಾಲ್ಕು ಸಾಲು ಜಾಸ್ತಿ ಬರೆಯುತ್ತೇನೆ, ಏಕೆಂದರೆ ನಮ್ಮ ಕಡೆಯಿಂದ ಬಂದವರಿಗೆ ಇದು ಬರೀ ಪುಸ್ತಕದ ರೋಗ ಅಲ್ಲ. ಮೈಕೊಬ್ಯಾಕ್ಟೀರಿಯಂ ಲೆಪ್ರೆಗೆ ದೇಹದ ತಂಪು ಜಾಗ ಇಷ್ಟ, ಆದ್ದರಿಂದ ಚರ್ಮದ ಹತ್ತಿರ ಹರಿಯುವ ನರಗಳಿಗೆ ಏಟು. ಕಾಮನ್ ಪೆರೋನಿಯಲ್ ಹೋದರೆ ಪಾದ ಜೋತು ಬೀಳುತ್ತದೆ, ಪೋಸ್ಟೀರಿಯರ್ ಟಿಬಿಯಲ್ ಹೋದರೆ ಅಂಗಾಲಿಗೆ ಅರಿವಿಲ್ಲ, ಬೆರಳುಗಳು ಮಡಚಿಕೊಳ್ಳುತ್ತವೆ. ನೋವು ಗೊತ್ತಾಗದ ಪಾದ ತನ್ನನ್ನು ತಾನು ಕಾಪಾಡಿಕೊಳ್ಳಲಾರದು ಅನ್ನುವುದನ್ನು ಸರ್ಜನ್ ಡಾ. ಪಾಲ್ ಬ್ರಾಂಡ್ ವೆಲ್ಲೂರಿನ ಕುಷ್ಠರೋಗಿಗಳ ನಡುವೆ ಕಂಡುಕೊಂಡರು. 1966ರಲ್ಲಿ ಅವರು ಅಮೆರಿಕದ ಲೂಸಿಯಾನಾದ ಕಾರ್‌ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು, ಅದೇ ತಿಳಿವಳಿಕೆ ಅಲ್ಲಿಂದ ಸಕ್ಕರೆ ಕಾಯಿಲೆಯ ಪಾದಗಳಿಗೂ ಹರಿಯಿತು. ಇವತ್ತು ನೀವು ಕ್ಲಿನಿಕ್‌ನಲ್ಲಿ ಅಂಗಾಲಿಗೆ 10 ಗ್ರಾಂ ಮೊನೊಫಿಲಮೆಂಟ್ (ನೈಲಾನ್ ಎಳೆ) ಒತ್ತಿ "ಗೊತ್ತಾಗುತ್ತಾ?" ಅಂತ ಕೇಳುವುದರ ಹಿಂದೆ ಇರುವುದೂ ಆ ತಿಳಿವಳಿಕೆಯೇ. ಹೊಲಕ್ಕೆ ಬರಿಗಾಲಲ್ಲಿ ಹೋಗಿ, ಮುಳ್ಳು ತುಳಿದದ್ದೇ ಗೊತ್ತಾಗದೆ ಹುಣ್ಣು ಮಾಡಿಕೊಂಡ ಸಕ್ಕರೆ ಕಾಯಿಲೆಯವರನ್ನು ನೀವು ಊರಲ್ಲಿ ನೋಡಿಯೇ ಇರುತ್ತೀರಿ. ನ್ಯೂರೋಪಥಿ ಓದುವಾಗ ಅವರ ಪಾದವನ್ನು ಕಣ್ಣೆದುರು ತಂದುಕೊಳ್ಳಿ.

ವೇಳೆಯ ವಿಷಯ. ತರಗತಿ ಮುಗಿದ ಮೇಲೆ ಸಿಗುವ ವಾರಗಳನ್ನೇ ನಂಬಿ ಕೂರಬೇಡಿ. ಚಳಿಗಾಲದ ಸೆಮಿಸ್ಟರ್‌ನಿಂದಲೇ ದಿನಾ ಅರ್ಧ ಗಂಟೆ ಕಾಲಿನ ಅನಾಟಮಿಗೆ ಎತ್ತಿಡಿ, ಫ್ಲ್ಯಾಶ್‌ಕಾರ್ಡ್‌ಗೆ ಆಂಕಿ ಆ್ಯಪ್ ಚೆನ್ನಾಗಿ ಕೆಲಸ ಮಾಡುತ್ತದೆ. ಕೊನೆಯ ವಾರಗಳಲ್ಲಿ ಬೆಳಿಗ್ಗೆ ಹೊಸ ಓದು, ಮಧ್ಯಾಹ್ನ ಗಡಿಯಾರ ಇಟ್ಟುಕೊಂಡು ಪ್ರಶ್ನೆ, ಸಂಜೆ ತಪ್ಪಾದ ಪ್ರಶ್ನೆಗಳ ವಿಚಾರಣೆ. ಸರಿಯಾದ ಉತ್ತರ ಯಾಕೆ ಸರಿ ಅನ್ನುವುದರ ಜೊತೆಗೆ ಉಳಿದವು ಯಾಕೆ ತಪ್ಪು ಅಂತಲೂ ಒಂದೊಂದು ಸಾಲು ಬರೆಯಿರಿ. ನಿದ್ದೆ ಕೆಡಿಸಿಕೊಳ್ಳಬೇಡಿ. ಹಿಂದಿನ ಬ್ಯಾಚ್‌ನವರು ನೆನಪಿನಿಂದ ಬರೆದಿಟ್ಟ ನಿಜವಾದ ಪ್ರಶ್ನೆಗಳ ಪಿಡಿಎಫ್ ಯಾರಾದರೂ ಕಳಿಸಿದರೆ ತೆರೆಯಲೇ ಬೇಡಿ. ಪರೀಕ್ಷೆಯ ಪ್ರಶ್ನೆ ಹೊರಗೆ ಹೇಳುವುದಿಲ್ಲ ಅಂತ ಪ್ರತಿಯೊಬ್ಬರೂ ಒಪ್ಪಿಕೊಂಡೇ ಒಳಗೆ ಹೋಗುತ್ತಾರೆ. ಅದನ್ನು ಮುರಿದವರ ಜೊತೆ ಸೇರಿ ಲೈಸೆನ್ಸನ್ನು ಪಣಕ್ಕಿಡುವುದು ಬೇಡ. ಅದೂ ಅಲ್ಲದೆ ಅಂಥ ಹಾಳೆಗಳಲ್ಲಿ ಉತ್ತರಗಳು ನಂಬುವ ಹಾಗಿರುವುದಿಲ್ಲ.

ಪಾರ್ಟ್ ಒಂದು ಪಾಸಾಗದೆ ಪಾರ್ಟ್ ಎರಡಕ್ಕೆ ಕೂರಲಾಗದು. ಪಾರ್ಟ್ ಎರಡು ನಾಲ್ಕನೇ ವರ್ಷದ್ದು: ಮೆಡಿಸಿನ್, ರೇಡಿಯಾಲಜಿ, ಸರ್ಜರಿ, ಬಯೋಮೆಕ್ಯಾನಿಕ್ಸ್, ಅನೆಸ್ತೇಸಿಯಾ. ಪಾರ್ಟ್ ಮೂರು ರೆಸಿಡೆನ್ಸಿಗೆ ಸೇರಿದ ಮೇಲೆ. ಅವುಗಳ ಚಿಂತೆ ಈಗ ಬೇಡ. ಕಾಲಿನ ಅನಾಟಮಿ ಈಗ ಗಟ್ಟಿಯಾದರೆ ಆ ಎರಡರಲ್ಲೂ ಅದು ನಿಮ್ಮ ಕೈ ಹಿಡಿಯುತ್ತದೆ. ಒಂದು ವೇಳೆ ಮೊದಲ ಸಲ ಆಗದಿದ್ದರೆ ಮತ್ತೆ ಬರೆಯಲು ಅವಕಾಶವಿದೆ. ಅಂಥವರು ಒಳ್ಳೆಯ ಸರ್ಜನ್‌ಗಳಾಗಿ ನನ್ನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದಾರೆ.

ಈ ವಾರವೇ ಮಾಡಬೇಕಾದ ಕೆಲಸ ಎರಡು. ಬೇಸಿಗೆಯಲ್ಲಿ ಡಿಸೆಕ್ಷನ್ ಲ್ಯಾಬ್ ಎಂದಿನವರೆಗೆ ತೆರೆದಿರುತ್ತದೆ ಅಂತ ಅನಾಟಮಿ ವಿಭಾಗದಲ್ಲಿ ಕೇಳಿ. ಮುಚ್ಚುವುದಾದರೆ ಅದಕ್ಕೂ ಮೊದಲೇ ಅಂಗಾಲಿನ ಪದರಗಳನ್ನು ಇನ್ನೊಮ್ಮೆ ಕಣ್ಣಾರೆ ನೋಡಿಬಿಡಿ. ಇನ್ನೊಂದು ನಿಮ್ಮ ಹೆಸರು. ನಮ್ಮಲ್ಲಿ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರ ಹೆಸರೋ ಸೇರಿರುತ್ತದೆ, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ, ಕಾಲೇಜಿನ ದಾಖಲೆಯಲ್ಲಿ ಇನ್ನೊಂದು ತರಹ. ಪರೀಕ್ಷಾ ಕೇಂದ್ರದಲ್ಲಿ ತೋರಿಸುವ ಗುರುತಿನ ಚೀಟಿಯಲ್ಲಿರುವ ಹೆಸರು ಮತ್ತು ನೋಂದಣಿಯ ಹೆಸರು ಹೊಂದಬೇಕು. ವ್ಯತ್ಯಾಸ ಇದ್ದರೆ ಕಾಲೇಜಿನ ರಿಜಿಸ್ಟ್ರಾರ್‌ಗೆ ಈಗಲೇ ಬರೆಯಿರಿ, ತಿದ್ದುಪಡಿಗೆ ವಾರಗಟ್ಟಲೆ ಹಿಡಿಯಬಹುದು.